ಗಂಡಭೇರುಂಡ ಏನು ತಿನ್ನುತ್ತದೆ?

(ಸುವರ್ಣ ಮಹೋತ್ಸವದ ಎರಡನೆಯ ದಿನ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ, 1989ನೇ ಸಾಲಿನಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿದ ವಿದ್ಯಾರ್ಥಿಯೊಬ್ಬರು ಮಾಡಿದ ಭಾಷಣದ ಬರಹ ರೂಪ)



ನಿನ್ನೆ ಸಂಜೆ ಬಸ್ಸಿಳಿದು ಅರಳಿಕಟ್ಟೆ ದಾಟುವಾಗ ಹಿರಿಯರೊಬ್ಬರು ನಿಲ್ಲಿಸಿದರು. "ನೀನು ಯಾರ ಮಗ ಅಂತ ಗೊತ್ತಾಯ್ತು ಕಣಪ್ಪ. ಈಗ ಏನು ಕೆಲಸ ಮಾಡ್ತಿದೀಯ?" ಅಂದರು. "ಚಿತ್ರ ಬಿಡಿಸ್ತೀನಿ ತಾತ, ಪ್ರಾಣಿಗಳದ್ದು" ಅಂದೆ. "ಯಾವ ಪ್ರಾಣಿ?" "ಇಲ್ಲದ ಪ್ರಾಣಿ." ಅವರು ಸ್ವಲ್ಪ ಹೊತ್ತು ನನ್ನ ಮುಖವನ್ನೇ ನೋಡಿದರು. "ಇರೋ ಹಸ ಸಾಕಿದೋರಿಗೇ ಗಿಟ್ಟಲ್ಲ. ಇಲ್ಲದ ಪ್ರಾಣಿಗೆ ಸಂಬಳ ಕೊಡ್ತಾರಾ?" ಅಂದರು.

ಕೊಡುತ್ತಾರೆ. ಬಿ.ಎಸ್ಸಿ.ಯಲ್ಲಿ ಪ್ರಾಣಿಶಾಸ್ತ್ರ ಓದಿ, ಆಮೇಲೆ ಚಿತ್ರ ಕಲಿತು, ಸುಮಾರು ಇಪ್ಪತ್ತು ವರ್ಷದಿಂದ ಬೆಂಗಳೂರಿನಲ್ಲಿ ವಿಡಿಯೊ ಗೇಮುಗಳಿಗೆ, ಮಕ್ಕಳ ಪುಸ್ತಕಗಳಿಗೆ ಪ್ರಾಣಿಗಳನ್ನು ಬಿಡಿಸಿಕೊಂಡು ಬಂದಿದ್ದೇನೆ. ಸಂಘಟಕರು "ನಿಮ್ಮ ಸಾಧನೆಯ ಬಗ್ಗೆ ಹೇಳಿ" ಎಂದು ಕೇಳಿದ್ದಾರೆ. ಸಾಧನೆ ಏನೂ ಇಲ್ಲ. ಒಂದು ಹಕ್ಕಿಯ ಕಥೆ ಹೇಳುತ್ತೇನೆ. ಆ ಹಕ್ಕಿ ಇಲ್ಲ. ಆದರೂ ನನ್ನ ಮೂರು ವರ್ಷ ತಿಂದಿದೆ.

ನೀವೆಲ್ಲ ನೋಡಿರುವ ಹಕ್ಕಿಯೇ. ಸಾರಿಗೆ ಬಸ್ಸಿನ ಮೇಲಿದೆ. ಸರ್ಕಾರಿ ಕಾಗದದ ತಲೆಯಲ್ಲಿದೆ. ನಮ್ಮ ರಾಜ್ಯದ ಲಾಂಛನದ ನಡುವೆ, ಕೆಂಪು ಗುರಾಣಿಯ ಮೇಲೆ ಬಿಳಿಯದು: ಗಂಡಭೇರುಂಡ. ಶಿಕಾರಿಪುರ ತಾಲೂಕಿನ ಬಳ್ಳಿಗಾವೆಗೆ ಹೋದರೆ ಎತ್ತರದ ಕಂಬವೊಂದರ ತುದಿಯಲ್ಲಿ ಮನುಷ್ಯನ ಮೈಗೆ ಎರಡು ಹಕ್ಕಿ ತಲೆ ಇಟ್ಟುಕೊಂಡು ನಿಂತಿದೆ. ಆ ಕಂಬ 1047ನೇ ಇಸವಿಯದು. ವಿಜಯನಗರದ ಅಚ್ಯುತರಾಯನ ನಾಣ್ಯದಲ್ಲಿ ಕೊಕ್ಕಿನಲ್ಲೂ ಕಾಲಿನಲ್ಲೂ ಆನೆಗಳನ್ನು ಹಿಡಿದು ಹಾರುತ್ತಿದೆ.

ನಾನು ಆಗ ಇದ್ದ ಕಂಪನಿಯವರಿಗೆ ಒಂದು ಆಟ ಬೇಕಿತ್ತು. ಒಂದು ಹಳೆಯ ರಾಜ್ಯ, ಅದರಲ್ಲಿ ಗಂಡಭೇರುಂಡಗಳು ವರ್ಷ ವರ್ಷಕ್ಕೆ ಕಡಿಮೆಯಾಗುತ್ತಿವೆ, ಆಡುವವರು ಅವುಗಳನ್ನು ಉಳಿಸಬೇಕು. "ನೋಡಿದವರು ನಂಬಬೇಕು. ನಿಜವಾಗಲೂ ಇದ್ದ ಹಕ್ಕಿ ಅನ್ನಿಸಬೇಕು" ಎಂದರು. ಸರಿ ಎಂದು ರೆಕ್ಕೆ, ಪುಕ್ಕ, ಬಣ್ಣ ಎಲ್ಲ ಹಾಕಿ ನಾಲ್ಕೈದು ಚಿತ್ರ ಮಾಡಿದೆ. ಚೆನ್ನಾಗಿಯೇ ಬಂದವು. ಆದರೆ ಕ್ಯಾಲೆಂಡರಿನ ಚಿತ್ರದ ಹಾಗಿದ್ದವು. ಅವು ಕಡಿಮೆಯಾದರೆ ಯಾರಿಗೂ ಹೊಟ್ಟೆ ಉರಿಯುತ್ತಿರಲಿಲ್ಲ.

ಆಗ ನೆನಪಾದದ್ದು ಇಲ್ಲಿ ಕೂತಿರುವ ನಮ್ಮ ಜೀವಶಾಸ್ತ್ರದ ಮೇಷ್ಟ್ರು. ಎಂಟನೇ ಕ್ಲಾಸಿನಲ್ಲಿ ಯಾವ ಪ್ರಾಣಿಯ ಪಾಠ ಬಂದರೂ ಅವರ ಮೊದಲ ಪ್ರಶ್ನೆ ಒಂದೇ: "ಏನು ತಿನ್ನುತ್ತದೆ ಹೇಳ್ರೋ." ಅದಕ್ಕೆ ಉತ್ತರ ಬರುವವರೆಗೂ ಬೋರ್ಡಿನ ಮೇಲೆ ಆ ಪ್ರಾಣಿಯ ಹೆಸರನ್ನೇ ಬರೆಯುತ್ತಿರಲಿಲ್ಲ. ಒಂದು ಸಲ ಶಾಲೆಯ ಹಿಂದೆ, ಕೆರೆಯ ಆಚೆ ಹಳ್ಳದಲ್ಲಿ ಸತ್ತ ಎತ್ತನ್ನು ತಂದು ಹಾಕಿದ್ದರು. ಮೇಷ್ಟ್ರು ನಮ್ಮನ್ನೆಲ್ಲ ಕಾಂಪೌಂಡಿನ ಹತ್ತಿರ ನಿಲ್ಲಿಸಿ, "ರಣಹದ್ದು ಎಷ್ಟು ಬಂದವು, ಎಷ್ಟು ಹೊತ್ತಿಗೆ ಮುಗಿಸಿದವು, ಬರೆದುಕೊಳ್ಳಿ" ಅಂದರು. ಬೆಳಿಗ್ಗೆ ಪ್ರಾರ್ಥನೆಯ ಹೊತ್ತಿಗೆ ಇಡೀ ಎತ್ತು ಇತ್ತು. ಮಧ್ಯಾಹ್ನ ಊಟದ ಬೆಲ್ಲು ಹೊಡೆಯುವ ಹೊತ್ತಿಗೆ ಮೂಳೆ. ನಾನು ಎಣಿಸಿದ್ದು 61. ಪಕ್ಕದವನು 58 ಎಂದ. ಇಬ್ಬರೂ ಜಗಳಾಡಿ ಇಬ್ಬರೂ ಏಟು ತಿಂದೆವು.

ಹಾಗಾಗಿ ಕುಂಚ ಕೆಳಗಿಟ್ಟು ಕೇಳಿಕೊಂಡೆ: ಗಂಡಭೇರುಂಡ ಏನು ತಿನ್ನುತ್ತದೆ?

ಉತ್ತರ ಹುಡುಕಿಕೊಂಡು ಬೇಲೂರಿಗೆ ಹೋದೆ. ಚೆನ್ನಕೇಶವ ದೇವಸ್ಥಾನದಲ್ಲಿ ಒಂದು ಕೆತ್ತನೆಯಿದೆ. ಜಿಂಕೆಯನ್ನು ಹೆಬ್ಬಾವು ಹಿಡಿದಿದೆ, ಹೆಬ್ಬಾವನ್ನು ಆನೆ ಎತ್ತಿದೆ, ಆನೆಯ ಮೇಲೆ ಸಿಂಹ ಬಿದ್ದಿದೆ, ಸಿಂಹವನ್ನು ಶರಭ ಹಿಡಿದಿದೆ, ಶರಭವನ್ನು ಗಂಡಭೇರುಂಡ ಕೊಲ್ಲುತ್ತಿದೆ. ನೋಡಿದ ಕೂಡಲೇ "ಆಹಾರ ಸರಪಳಿ!" ಎಂದು ಕುಣಿದೆ. ಹೋಟೆಲಿಗೆ ಬಂದು ಲೆಕ್ಕ ಹಾಕಿದೆ. ರೇಮಂಡ್ ಲಿಂಡೆಮನ್ ಎಂಬ ಅಮೆರಿಕದ ವಿಜ್ಞಾನಿ 1942ರಲ್ಲಿ ತೋರಿಸಿಕೊಟ್ಟ ವಿಷಯ ನಮ್ಮ ಪಠ್ಯದಲ್ಲೂ ಇದೆ: ಒಂದು ಮೆಟ್ಟಿಲಿನ ಆಹಾರದಲ್ಲಿ ಮೇಲಿನ ಮೆಟ್ಟಿಲಿನ ಮೈಗೆ ಸೇರುವುದು ಸುಮಾರು ಹತ್ತರಲ್ಲಿ ಒಂದು ಪಾಲು. ಒಂದು ಲಕ್ಷ ಕಿಲೊ ಹುಲ್ಲಿದ್ದರೆ ಹತ್ತು ಸಾವಿರ ಕಿಲೊ ಜಿಂಕೆ. ಸಾವಿರ ಕಿಲೊ ಹೆಬ್ಬಾವು. ನೂರು ಕಿಲೊ ಆನೆ. ಹತ್ತು ಕಿಲೊ ಸಿಂಹ. ಒಂದು ಕಿಲೊ ಶರಭ. ಕೊನೆಗೆ ಗಂಡಭೇರುಂಡ ನೂರು ಗ್ರಾಂ. ನೂರು ಗ್ರಾಂ ಅಂದರೆ ಒಂದು ಮೈನಾ, ನಾವು ಗೊರವಂಕ ಅನ್ನುತ್ತೇವಲ್ಲ, ಅಷ್ಟು.

ಶಿಲ್ಪಿಯ ತಪ್ಪಲ್ಲ. ಆನೆ ಹಾವು ತಿನ್ನುವುದಿಲ್ಲ ಎಂದು ಅವನಿಗೂ ಗೊತ್ತಿತ್ತು. ಅವನು ಹೇಳುತ್ತಿದ್ದದ್ದು ಯಾರಿಗಿಂತ ಯಾರು ಬಲಶಾಲಿ ಎಂದು. ಯಾರ ಊಟ ಯಾರು ಎಂದಲ್ಲ. ನಾನು ಅವನ ಕಲ್ಲಿನಲ್ಲಿ ನನ್ನ ಪಾಠ ಓದಿದೆ.

ಇನ್ನು ಆನೆ ಎತ್ತುವ ವಿಚಾರ. ಒಂದು ಹಕ್ಕಿಯನ್ನು ಎಲ್ಲ ಕಡೆಯಿಂದಲೂ ಎರಡು ಪಟ್ಟು ಮಾಡಿದರೆ ರೆಕ್ಕೆಯ ವಿಸ್ತೀರ್ಣ ನಾಲ್ಕು ಪಟ್ಟಾಗುತ್ತದೆ, ತೂಕ ಎಂಟು ಪಟ್ಟಾಗುತ್ತದೆ. ರೆಕ್ಕೆ ಸೋಲುತ್ತದೆ. ಆರ್ಜೆಂಟೀನಾದಲ್ಲಿ ಅರವತ್ತು ಲಕ್ಷ ವರ್ಷದ ಹಿಂದೆ ಇದ್ದ ಆರ್ಜೆಂಟಾವಿಸ್ ಎಂಬ ಹಕ್ಕಿ ಸುಮಾರು 70 ಕಿಲೊ ಇದ್ದಿರಬೇಕೆಂದು ಅಂದಾಜು. ಹಾರುವ ಹಕ್ಕಿಗಳಲ್ಲಿ ಅದು ದೈತ್ಯ. ಅದಕ್ಕೂ ಆನೆಮರಿ ಎತ್ತಲು ಆಗುತ್ತಿರಲಿಲ್ಲ. ನಮ್ಮ ಸಿರುಗುಪ್ಪದ ಬಯಲಿನಲ್ಲಿದ್ದ ದೊಡ್ಡ ಹಕ್ಕಿ, ಎರೆಲಡ್ಡು, ಅದರ ಗಂಡು 15 ಕಿಲೊವರೆಗೂ ತೂಗುತ್ತದೆ. ಅಷ್ಟಕ್ಕೇ ನೆಲ ಬಿಟ್ಟೇಳಲು ಓಡಬೇಕು.

ಹಾಗಾದರೆ ಆನೆ ಮತ್ತು ಹಕ್ಕಿ ಒಟ್ಟಿಗೆ ಬಂದದ್ದು ಹೇಗೆ? ನಮ್ಮ ಹಳ್ಳ ನೆನೆಸಿಕೊಂಡೆ. ಎತ್ತಿನ ಮೇಲೆ ಕೂತ ರಣಹದ್ದು ರೆಕ್ಕೆ ಅಗಲಿಸಿ, ಉಗುರೂರಿ, ಕೊಕ್ಕಿನಿಂದ ಜಗ್ಗುತ್ತಿರುವುದನ್ನು ದೂರದಿಂದ ನೋಡಿದವರಿಗೆ ಎತ್ತನ್ನೇ ಎತ್ತಿಕೊಂಡು ಹೋಗುತ್ತದೆ ಅನ್ನಿಸಬಹುದು. ನನ್ನ ಗಂಡಭೇರುಂಡ ಆನೆಯನ್ನು ಕೊಲ್ಲುವುದೂ ಇಲ್ಲ, ಎತ್ತುವುದೂ ಇಲ್ಲ. ಸತ್ತ ಆನೆಯನ್ನು ತಿನ್ನುತ್ತದೆ. ಅದು ರಣಹದ್ದಿನ ಕುಲದ್ದು.

ಇದೊಂದು ಗೊತ್ತಾದ ಮೇಲೆ ಉಳಿದದ್ದು ತಾನಾಗಿಯೇ ಬಂತು. ತೂಕ 25 ಕಿಲೊ ಇಟ್ಟೆ, ರೆಕ್ಕೆಯ ತುದಿಯಿಂದ ತುದಿಗೆ ನಾಲ್ಕು ಮೀಟರು. ಇಷ್ಟು ಭಾರದ್ದು ನೆಲದಿಂದ ಹಾರುವುದು ಕಷ್ಟ, ಆದ್ದರಿಂದ ಕಡಿದಾದ ಬಂಡೆ ಬೇಕು. ಬಿಸಿಲೇರಿ ಗಾಳಿ ಕಾದು ಮೇಲೇಳುವವರೆಗೂ ಅಲ್ಲೇ ಕೂತಿರುತ್ತದೆ. ಮಳೆಗಾಲದಲ್ಲಿ ಮೋಡ ಕವಿದ ದಿನ ಉಪವಾಸ. ಹೊಟ್ಟೆಯೊಳಗೆ ಕೊಳೆತದ್ದನ್ನೂ ಕರಗಿಸುವ ಹುಳಿ. ಕತ್ತು ಬೋಳು, ಯಾಕೆಂದರೆ ಹೆಣದೊಳಗೆ ತಲೆ ಹಾಕುವ ಹಕ್ಕಿಗೆ ಕತ್ತಿನ ತುಂಬ ಪುಕ್ಕವಿದ್ದರೆ ರಕ್ತ ಅಂಟಿ ಹೊಲಸಾಗುತ್ತದೆ. ಕಂಪನಿಯವರು ಬೋಳು ಕತ್ತು ನೋಡಿ ಮುಖ ಕಿವುಚಿದರು. "ರಾಜ್ಯದ ಲಾಂಛನ ಸಾರ್ ಇದು, ಇಷ್ಟು ಅಸಹ್ಯವಾಗಿರಬಾರದು" ಎಂದರು. ತಲೆಯ ಹಿಂದೆ ಒಂದು ಜುಟ್ಟು ಇಟ್ಟು ರಾಜಿ ಮಾಡಿಕೊಂಡೆ.

ಎರಡು ತಲೆಯಲ್ಲಿ ಮಾತ್ರ ಸಿಕ್ಕಿಹಾಕಿಕೊಂಡೆ.

ಎರಡು ತಲೆಯ ಹಾವು, ಆಮೆ ಆಗೊಮ್ಮೆ ಈಗೊಮ್ಮೆ ಹುಟ್ಟುವುದುಂಟು. ಒಂದು ತಲೆ ಬಲಕ್ಕೆ ಎಳೆದರೆ ಇನ್ನೊಂದು ಎಡಕ್ಕೆ. ಕಾಡಿನಲ್ಲಿ ಹೆಚ್ಚು ದಿನ ಬದುಕುವುದಿಲ್ಲ. ಒಂದು ಇಡೀ ಕುಲಕ್ಕೆ ಎರಡು ತಲೆ ಇರಬೇಕಾದರೆ ಅದರಿಂದ ಏನಾದರೂ ಉಪಯೋಗವಿರಬೇಕು. ಆಗ ಮಣ್ಣುಮುಕ್ಕ ಹಾವು ನೆನಪಾಯಿತು. ಬಾಲ ಮೊಂಡಾಗಿ ತಲೆಯ ಹಾಗೆಯೇ ಇರುವುದರಿಂದ ನಾವು ಎರಡು ತಲೆ ಹಾವು ಅನ್ನುತ್ತೇವೆ. ಕಚ್ಚಲು ಬಂದ ಶತ್ರು ಯಾವುದು ತಲೆ ಎಂದು ತಿಳಿಯದೆ ಬಾಲಕ್ಕೆ ಬಾಯಿ ಹಾಕುತ್ತದೆ, ಹಾವು ಉಳಿಯುತ್ತದೆ. ಆ ಸುಳ್ಳು ತಲೆಯೇ ಈಗ ಅದಕ್ಕೆ ಕುತ್ತಾಗಿದೆ. ಮನೆಯಲ್ಲಿಟ್ಟರೆ ಐಶ್ವರ್ಯ ಬರುತ್ತದೆಂದು ನಂಬಿಸಿ ಲಕ್ಷಗಟ್ಟಲೆಗೆ ಮಾರಲು ಹೋಗಿ ಸಿಕ್ಕಿಬಿದ್ದವರ ಸುದ್ದಿ ಪೇಪರಿನಲ್ಲಿ ನೀವೂ ಓದಿರುತ್ತೀರಿ. ಇರಲಿ. ನಾನೂ ಗಂಡಭೇರುಂಡಕ್ಕೆ ಒಂದು ಸುಳ್ಳು ತಲೆ ಮಾಡಿದೆ. ಕತ್ತಿನ ಬುಡದಲ್ಲಿ ಕೊಂಬಿನಂಥ ಒಂದು ಗುಬಟು, ಅದರ ಮೇಲೆ ಕಣ್ಣಿನ ಹಾಗೆ ಮಚ್ಚೆ. ಎಂಟು ತಿಂಗಳು ಅದನ್ನೇ ತಿದ್ದಿದೆ. ಸರಿಹೋಗಲಿಲ್ಲ. ಇಷ್ಟು ದೊಡ್ಡ ಹಕ್ಕಿಯನ್ನು ಹಿಡಿಯಲು ಬರುವ ಶತ್ರು ಯಾರು? ಯಾರನ್ನು ಮೋಸಗೊಳಿಸಲು ಆ ತಲೆ?

ಹೋದ ವರ್ಷ ಇದೇ ಶಾಲೆಗೆ ಎರಡು ದಿನ ಚಿತ್ರ ಕಲಿಸಲು ಬಂದಿದ್ದೆ. ಎಂಟನೇ ತರಗತಿಯ ಮಕ್ಕಳ ಮುಂದೆ ನನ್ನ ಹಾಳೆಗಳನ್ನು ಹರಡಿ, "ಎರಡು ತಲೆ ಯಾಕೆ ಇರಬಹುದು?" ಎಂದು ಕೇಳಿದೆ. "ಎರಡು ಬಾಯಿ ಇದ್ದರೆ ಬೇಗ ತಿನ್ನಬಹುದು ಸಾರ್" ಎಂದ ಒಬ್ಬ. "ಒಂದು ಮಲಗಿದಾಗ ಇನ್ನೊಂದು ಓದ್ತದೆ" ಎಂದ ಇನ್ನೊಬ್ಬ. ಹಿಂದಿನ ಸಾಲಿನ ಹುಡುಗಿಯೊಬ್ಬಳು, ಇಲ್ಲೇ ಕೂತಿದ್ದಾಳೆ, ಹೆಸರು ಹೇಳಿದರೆ ನಾಚಿಕೊಳ್ಳುತ್ತಾಳೆ, ಎದ್ದು ನಿಂತು ಹೇಳಿದಳು: "ಅದು ಎರಡು ಹಕ್ಕಿ ಸಾರ್. ನಮ್ಮಜ್ಜಿ ತಾತ ಕಣದಲ್ಲಿ ರಾಗಿ ಕಾಯೋವಾಗ ಹಂಗೇ ಕೂತ್ಕೊತಾರೆ. ಬೆನ್ನಿಗೆ ಬೆನ್ನು ಕೊಟ್ಕೊಂಡು ಒಂದೇ ಕಂಬಳಿ ಹೊದ್ಕೊಂಡು. ತಾತ ಆ ಕಡೆ ನೋಡ್ತದೆ, ಅಜ್ಜಿ ಈ ಕಡೆ ನೋಡ್ತದೆ. ದೂರದಿಂದ ನೋಡಿದ್ರೆ ಒಂದೇ ಮೈ."

ನಾನು ಕುರ್ಚಿಯ ಮೇಲೆ ಕೂತುಬಿಟ್ಟೆ.

ಎಂಟು ತಿಂಗಳ ಕೆಲಸ ಹೋಯಿತು, ಹೋಗಲಿ. ಸಾರಸ ಕೊಕ್ಕರೆ ಜೋಡಿ ಕಟ್ಟಿದರೆ ಸಾಮಾನ್ಯವಾಗಿ ಜೀವನಪೂರ್ತಿ ಅದೇ ಜೋಡಿ. ದಾಂಡೇಲಿ ಕಾಡಿನ ಮಂಗಟ್ಟೆ ಹಕ್ಕಿಯನ್ನು ನೋಡಿ: ಹೆಣ್ಣು ಮರದ ಪೊಟರೆಯೊಳಗೆ ಸೇರಿ ಬಾಗಿಲು ಮೆತ್ತಿಕೊಳ್ಳುತ್ತದೆ, ಸಣ್ಣ ಸೀಳಿನಿಂದ ಗಂಡು ತಿಂಗಳುಗಟ್ಟಲೆ ಉಣಿಸುತ್ತದೆ. ಹೊರಗೆ ಗಂಡು ಸತ್ತರೆ ಒಳಗಿನವರಿಗೂ ಆಪತ್ತು. ನನ್ನ ಗಂಡಭೇರುಂಡವೂ ಹಾಗೆ. ಕಡಿದಾದ ಬಂಡೆಯ ಸಣ್ಣ ಚಾಚಿನ ಮೇಲೆ ಮೊಟ್ಟೆಯನ್ನು ನಡುವೆ ಇಟ್ಟುಕೊಂಡು ಎರಡೂ ಬೆನ್ನಿಗೆ ಬೆನ್ನು ಕೊಟ್ಟು ಕೂರುತ್ತವೆ. ಗಾಳಿ ಎರಡು ಕಡೆಯಿಂದ ಬೀಸುವ ಜಾಗ. ಒಂದು ಪೂರ್ವಕ್ಕೆ, ಒಂದು ಪಶ್ಚಿಮಕ್ಕೆ. ಕೆಳಗಿನಿಂದ ನೋಡಿದ ಜನ ಎರಡು ತಲೆಯ ಹಕ್ಕಿ ಎಂದರು. ಶಿಲ್ಪಿ ಕೆತ್ತಿದ, ರಾಜ ನಾಣ್ಯಕ್ಕೆ ಹಾಕಿದ.

ಇಲ್ಲಿಂದ ಮುಂದೆ ಕಷ್ಟದ ಭಾಗ. ಈ ಹಕ್ಕಿ ಕಡಿಮೆಯಾಗಬೇಕು. ಹೇಗೆ?

ಮೊದಲು ಹುಟ್ಟುವುದರ ಲೆಕ್ಕ. ಮಕ್ಕಳು ಬೇಕಾದರೆ ಬರೆದುಕೊಳ್ಳಿ. ನೂರು ಜೋಡಿ, ಅಂದರೆ 200 ಹಕ್ಕಿ. ಒಂದು ಜೋಡಿ ಎರಡು ವರ್ಷಕ್ಕೆ ಒಂದು ಮೊಟ್ಟೆ ಇಡುತ್ತದೆ. ಕ್ಯಾಲಿಫೋರ್ನಿಯಾದ ಕಾಂಡೋರ್ ಎಂಬ ರಣಹದ್ದಿನ ಲೆಕ್ಕವೂ ಹೆಚ್ಚು ಕಡಿಮೆ ಇದೇ. ವರ್ಷಕ್ಕೆ 50 ಮೊಟ್ಟೆ. ಅರ್ಧ ಮರಿಗಳು ಹಾರುತ್ತವೆ, 25. ಎಂಟು ವರ್ಷ ತುಂಬಿ ಜೋಡಿ ಕಟ್ಟುವ ಹೊತ್ತಿಗೆ ಉಳಿಯುವುದು 10. ಇತ್ತ ದೊಡ್ಡ ಹಕ್ಕಿಗಳಲ್ಲಿ ವರ್ಷಕ್ಕೆ ನೂರಕ್ಕೆ ಐದು ಸಾಯುತ್ತವೆ, ಅಂದರೆ 10. ಹತ್ತು ಹೋದವು, ಹತ್ತು ಬಂದವು. ಸಂಸಾರ ಸರಿಹೋಯಿತು.

ಈಗ ಸಾಯುವುದನ್ನು ನೂರಕ್ಕೆ ಐದರ ಬದಲು ಹತ್ತು ಮಾಡಿ. ಅಷ್ಟೇ. ಇನ್ನೇನೂ ಬದಲಾಯಿಸಬೇಡಿ. ಎಂಟು ವರ್ಷದ ಮೇಲೆ 143 ಹಕ್ಕಿ. ಹದಿನೆಂಟು ವರ್ಷಕ್ಕೆ ನೂರಕ್ಕಿಂತ ಕೆಳಗೆ. ಅರ್ಧ ಹೋಯಿತು. ಕೋಳಿಗೆ ಹೀಗಾದರೆ ಒಂದು ವರ್ಷದಲ್ಲಿ ತುಂಬಿಕೊಳ್ಳುತ್ತದೆ. ನಿಧಾನವಾಗಿ ಹುಟ್ಟಿ ಬಹಳ ಕಾಲ ಬದುಕುವ ಪ್ರಾಣಿಗೆ ಆಗುವುದಿಲ್ಲ.

ಆದರೆ ಆ ಇನ್ನೈದನ್ನು ಕೊಲ್ಲುವವರು ಯಾರು? ಕಂಪನಿಯವರು ಮೊದಲೇ ನಿರ್ಧರಿಸಿದ್ದರು. ಒಬ್ಬ ಖಳನಾಯಕ, ಕರಿ ಕುದುರೆ, ವಿಷದ ಬಾಣ. ನಾನು ಬೇಡ ಎಂದೆ. ಯಾಕೆ ಬೇಡ ಎಂದು ಅವರಿಗೆ ಸರಿಯಾಗಿ ಹೇಳಲು ಬರಲಿಲ್ಲ. ನಿಮಗೆ ಹೇಳುತ್ತೇನೆ, ನಿಮಗೆ ಅರ್ಥವಾಗುತ್ತದೆ.

1996ರಲ್ಲಿ ನಮ್ಮ ಮನೆಯ ಎತ್ತು, ಕರಿಯ, ಕಾಲು ಮುರಿದುಕೊಂಡು ಬಿತ್ತು. ಹನ್ನೊಂದು ವರ್ಷ ನಮ್ಮ ಹೊಲ ಉತ್ತ ಎತ್ತು. ಅಪ್ಪ ಎರಡು ರಾತ್ರಿ ಕೊಟ್ಟಿಗೆಯಲ್ಲೇ ಮಲಗಿದರು. ನೋವು ತಡೆಯಲಾರದೆ ಅದು ಹಲ್ಲು ಕಡಿಯುವ ಸದ್ದಿಗೆ ಅವ್ವ ಊಟ ಬಿಟ್ಟಳು. ಅಪ್ಪ ಮೂಟೆ ರಾಗಿ ಮಾರಿ ಸೂಜಿ ಹಾಕಿಸಿದರು. ಕರಿಯ ಸ್ವಲ್ಪ ಸಮಾಧಾನವಾಗಿ ಮಲಗಿತು, ಮೂರನೆಯ ದಿನ ಹೋಯಿತು. ಗಾಡಿಯಲ್ಲಿ ಸಾಗಿಸಿ ಅದೇ ಹಳ್ಳಕ್ಕೆ ಹಾಕಿದೆವು. ಮೇಷ್ಟ್ರು ಕಲಿಸಿದ ಅಭ್ಯಾಸ, ನಿಂತು ಎಣಿಸಿದೆ. 14 ರಣಹದ್ದು. ಆ ಹಳ್ಳದಲ್ಲಿ ನಾನು ಎಣಿಸಿದ್ದು ಅದೇ ಕೊನೆ. ಆಮೇಲೆ ಬಂದಾಗಲೆಲ್ಲ ನಾಯಿಗಳಿದ್ದವು.

ಆ ಸೂಜಿಯಲ್ಲಿ ಏನಿತ್ತೆಂದು ನಾವು ಯಾರೂ ಕೇಳಲಿಲ್ಲ. ನೋವು ನಿಂತರೆ ಸಾಕಿತ್ತು. ಎಷ್ಟೋ ವರ್ಷದ ಮೇಲೆ ಓದಿ ತಿಳಿದದ್ದು ಇದು: ಡೈಕ್ಲೋಫೆನಾಕ್ ಎಂಬ ನೋವಿನ ಔಷಧ 1990ರ ದಶಕದಲ್ಲಿ ಅಗ್ಗವಾಗಿ ಸಿಗತೊಡಗಿ ದನಗಳಿಗೂ ಬಂತು. ದನಕ್ಕೆ ಒಳ್ಳೆಯದೇ. ಸೂಜಿ ಹಾಕಿದ ಸ್ವಲ್ಪ ದಿನದಲ್ಲೇ ದನ ಸತ್ತು, ಅದನ್ನು ರಣಹದ್ದು ತಿಂದರೆ ಹದ್ದಿನ ಮೂತ್ರಪಿಂಡ ಕೆಡುತ್ತದೆ, ಕೆಲವೇ ದಿನದಲ್ಲಿ ಸಾಯುತ್ತದೆ. ಪಾಕಿಸ್ತಾನದಲ್ಲಿ ಸತ್ತ ಹದ್ದುಗಳನ್ನು ಕೊಯ್ದು ನೋಡಿದ ವಿಜ್ಞಾನಿಗಳು 2004ರಲ್ಲಿ ಇದನ್ನು ಪ್ರಕಟಿಸಿದರು. ನಮ್ಮ ಸರ್ಕಾರ 2006ರಲ್ಲಿ ದನಗಳಿಗೆ ಅದನ್ನು ನಿಷೇಧಿಸಿತು. ಅಷ್ಟರಲ್ಲಿ ಏನಾಗಿತ್ತು? 1992ರಿಂದ 2007ರ ನಡುವೆ ಭಾರತದ ಬಿಳಿಬೆನ್ನಿನ ರಣಹದ್ದು ಸಾವಿರಕ್ಕೆ 999 ಹೋಗಿತ್ತು. ಇದಕ್ಕೆ ಎಲ್ಲ ಹೆಣಗಳಲ್ಲೂ ಔಷಧ ಇರಬೇಕಾಗಿರಲಿಲ್ಲ. ನೂರು ಹೆಣದಲ್ಲಿ ಒಂದಕ್ಕಿಂತ ಕಡಿಮೆ ವಿಷವಾಗಿದ್ದರೂ ಸಾಕಿತ್ತು ಎಂದು ಲೆಕ್ಕ ಹಾಕಿ ತೋರಿಸಿದ್ದಾರೆ, ಏಕೆಂದರೆ ಒಂದು ಹೆಣಕ್ಕೆ ಹತ್ತಾರು ಹದ್ದು ಇಳಿಯುತ್ತವೆ.

ಇದರಲ್ಲಿ ಕರಿ ಕುದುರೆಯವನು ಯಾರು? ನಮ್ಮಪ್ಪನಾ? ಮೂಟೆ ರಾಗಿ ಮಾರಿ, ಎತ್ತಿನ ಪಕ್ಕ ಮಲಗಿದ ಮನುಷ್ಯ.

ಅದಕ್ಕೇ ನನ್ನ ಕಥೆಯ ರಾಜ ಒಳ್ಳೆಯವನು. ಅವನ ಲಾಯದಲ್ಲಿ ಸಾವಿರ ಆನೆ. ಮೊದಲು ಸತ್ತ ಆನೆಯನ್ನು ಊರಾಚೆ ಬೆಟ್ಟದ ಬುಡದ ಬಯಲಿಗೆ ಎಳೆದು ಹಾಕುತ್ತಿದ್ದರು. ಕಾಡಾನೆ ಸತ್ತರೆ ದಟ್ಟ ಮರಗಳ ಕೆಳಗೆ. ಈ ಹಕ್ಕಿಗಳು ಹುಡುಕುವುದು ಕಣ್ಣಿನಿಂದ, ಮರದ ಮರೆಯಲ್ಲಿರುವುದು ಕಾಣುವುದಿಲ್ಲ. ಆದ್ದರಿಂದ ಬಯಲಿನ ಆನೆಯೇ ಆಧಾರ. 200 ಹಕ್ಕಿಗೆ ದಿನಕ್ಕೆ 240 ಕಿಲೊ ಎಂದಿಟ್ಟುಕೊಂಡೆ. ಅರ್ಧ ದನಕರುಗಳಿಂದ ಸಿಕ್ಕಿದರೂ ಉಳಿದರ್ಧಕ್ಕೆ ವರ್ಷಕ್ಕೆ 22 ಆನೆ ಬೇಕು. ಸಾವಿರ ಆನೆಯಲ್ಲಿ ವರ್ಷಕ್ಕೆ ಅಷ್ಟು ಸಾಯುವುದು ಸಹಜ. ಒಂದು ದಿನ ರಾಜ ತಾನು ಎಳೆಯ ವಯಸ್ಸಿನಿಂದ ಸವಾರಿ ಮಾಡಿದ ಪಟ್ಟದ ಆನೆಯನ್ನು ಹಕ್ಕಿಗಳು ಹರಿದು ತಿನ್ನುವುದನ್ನು ನೋಡುತ್ತಾನೆ. ಕಣ್ಣೀರು ಹಾಕುತ್ತಾನೆ. ಇನ್ನು ಮುಂದೆ ನನ್ನ ಆನೆಗಳನ್ನು ಮನುಷ್ಯರ ಹಾಗೆ ಮಣ್ಣು ಮಾಡಬೇಕು, ಗದ್ದುಗೆ ಕಟ್ಟಬೇಕು ಎಂದು ಅಪ್ಪಣೆ ಮಾಡುತ್ತಾನೆ. ಊರಿಗೆ ಊರೇ ಕೈಮುಗಿಯುತ್ತದೆ. ಅದೇ ರಾಜ ತನ್ನ ಬಾವುಟದ ಮೇಲೆ ಗಂಡಭೇರುಂಡವನ್ನು ಬರೆಸಿಕೊಂಡಿದ್ದಾನೆ.

ಇದನ್ನು ಮೇಷ್ಟ್ರಿಗೆ ಫೋನಿನಲ್ಲಿ ಹೇಳಿದೆ. ಹೊಗಳುತ್ತಾರೆ ಎಂದುಕೊಂಡಿದ್ದೆ. "ಅರ್ಧ ಊಟ ಹೋಯ್ತು, ಅರ್ಧ ಹಕ್ಕಿ ಹೋಯ್ತು. ಉಳಿದ ಅರ್ಧಕ್ಕೆ ಉಳಿದ ಊಟ ಸಾಕಲ್ಲೋ. ಅಲ್ಲಿಗೇ ನಿಲ್ಲಬೇಕಲ್ಲ?" ಅಂದರು. ಐವತ್ತು ದಾಟಿದ ಮೇಲೂ ಕಿವಿ ಹಿಂಡಿಸಿಕೊಂಡ ಹಾಗಾಯಿತು.

ಅವರು ಹೇಳಿದ್ದು ಸರಿ. ಕಡಿಮೆಯಾಗಲು ಶುರುವಾದ ಕಾರಣವೇ ಕೊನೆಯವರೆಗೂ ಕೊಲ್ಲಬೇಕೆಂದಿಲ್ಲ. ಅರ್ಧಕ್ಕೆ ಬಂದ ಮೇಲೆ ಬೇರೆಯದು ಶುರುವಾಗುತ್ತದೆ. ಗದ್ದುಗೆಗೆ ಕಲ್ಲು ಬೇಕಲ್ಲ, ಹತ್ತಿರದ ಬೆಟ್ಟದಿಂದಲೇ ಒಡೆಯುತ್ತಾರೆ. ಅದು ಹಕ್ಕಿಗಳು ಕೂರುವ ಬೆಟ್ಟ. ಗೂಡುಗಳು ದೂರ ದೂರವಾಗುತ್ತವೆ. ಮೊದಲು ಆಕಾಶದ ತುಂಬ ಹರಡಿ, ಒಂದು ಇಳಿದದ್ದನ್ನು ನೋಡಿ ಇನ್ನೊಂದು ಇಳಿದು ಊಟ ಪತ್ತೆ ಮಾಡುತ್ತಿದ್ದವು. ಈಗ ನೋಡಿ ತಿಳಿಯಲು ಪಕ್ಕದಲ್ಲಿ ಯಾರೂ ಇಲ್ಲ, ಇದ್ದ ಊಟವೂ ಕಣ್ಣಿಗೆ ಬೀಳುವುದಿಲ್ಲ. ಜೋಡಿಯಲ್ಲಿ ಒಂದು ಸತ್ತರೆ ಮೊದಲು ಹತ್ತಿರದ ಬಂಡೆಯಲ್ಲಿ ಇನ್ನೊಂದು ಸಿಗುತ್ತಿತ್ತು, ಈಗ ಮೂರು ದಿನ ಹಾರಿದರೂ ಸಿಗುವುದಿಲ್ಲ. ವಾರ್ಡರ್ ಆಲೀ ಎಂಬ ವಿಜ್ಞಾನಿ 1930ರ ದಶಕದಲ್ಲೇ ಗುಂಪು ತೀರ ಚಿಕ್ಕದಾದರೆ ಉಳಿದವರಿಗೂ ಬದುಕು ಕಷ್ಟವಾಗುತ್ತದೆ ಎಂದು ತೋರಿಸಿದ್ದರು. ಜನ ಕಡಿಮೆಯಾದ ಊರಿನಲ್ಲಿ ಶಾಲೆ ಮುಚ್ಚಿದ ಹಾಗೆ. ನಮ್ಮ ಶಾಲೆಯ ಹಾಜರಿ ಪುಸ್ತಕ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಇಷ್ಟೆಲ್ಲ ನಡೆಯುವಾಗ ಕಥೆಯ ಊರಿನವರಿಗೆ ಏನು ಕಾಣುತ್ತದೆ? ಹೆಚ್ಚೇನೂ ಇಲ್ಲ. 200 ಇದ್ದದ್ದು ಎಂಟು ವರ್ಷದಲ್ಲಿ 143 ಆದರೆ ಬರಿಗಣ್ಣಿಗೆ ಗೊತ್ತಾಗುವುದಿಲ್ಲ. ಹಿಕ್ಕೆ ಬಿದ್ದು ಬೆಳ್ಳಗಾದ ಬಂಡೆಯ ಮೇಲಿನ ಗೆರೆಗಳು ಮಳೆಗೆ ಒಂದೊಂದೇ ಮಾಸುತ್ತವೆ. ರಾಮದೇವರ ಬೆಟ್ಟದಲ್ಲಿ, ಶೋಲೆ ಸಿನಿಮಾ ತೆಗೆದರಲ್ಲ ಅದೇ ಬೆಟ್ಟ, ಉದ್ದ ಕೊಕ್ಕಿನ ರಣಹದ್ದುಗಳ ಅಂಥ ಬಿಳಿ ಗೆರೆ ನಾನೇ ನೋಡಿದ್ದೇನೆ. 2012ರಲ್ಲಿ ಅದನ್ನು ರಣಹದ್ದು ಧಾಮವೆಂದು ಘೋಷಿಸಿದರು. ಈಗ ಅಲ್ಲಿ ಹಕ್ಕಿ ಕಾಣಬೇಕಾದರೆ ಅದೃಷ್ಟ ಬೇಕು. ಡೇನಿಯಲ್ ಪೌಲಿ ಎಂಬ ಮೀನುಗಾರಿಕೆಯ ವಿಜ್ಞಾನಿ 1995ರಲ್ಲಿ ಒಂದು ಮಾತು ಬರೆದರು: ಪ್ರತಿ ತಲೆಮಾರಿನವರೂ ತಾವು ಕೆಲಸಕ್ಕೆ ಬಂದಾಗ ಸಮುದ್ರದಲ್ಲಿ ಎಷ್ಟು ಮೀನಿತ್ತೋ ಅದೇ ಸಹಜ ಎಂದುಕೊಳ್ಳುತ್ತಾರೆ, ಅದಕ್ಕೂ ಮುಂಚೆ ಎಷ್ಟಿತ್ತೆಂದು ಕೇಳುವುದಿಲ್ಲ. ನನಗೆ 61 ಸಹಜ. ನನ್ನ ಮಗಳಿಗೆ ಸೊನ್ನೆ ಸಹಜ. ಅವಳಿಗೆ ಹಳ್ಳವೆಂದರೆ ನಾಯಿ.

ಕಥೆಯ ಕೊನೆಯ ಚಿತ್ರ ನನಗೆ ಬಹಳ ದಿನ ನಿದ್ದೆ ಕೊಡಲಿಲ್ಲ. ಜೋಡಿಯಲ್ಲಿ ಒಂದು ಸತ್ತ ಮೇಲೆ ಉಳಿದದ್ದಕ್ಕೆ ಒಂದೇ ತಲೆ. ಬೆನ್ನು ಕೊಡಲು ಯಾರೂ ಇಲ್ಲದೆ ಬಂಡೆಗೆ ಬೆನ್ನು ಕೊಟ್ಟು ಕೂತಿದೆ. ಕೆಳಗೆ ಕುರಿ ಕಾಯುವ ಹುಡುಗ ತಲೆಯೆತ್ತಿ ನೋಡುತ್ತಾನೆ. ಅವನ ಸೊಂಟದ ಚೀಲದಲ್ಲಿರುವ ನಾಣ್ಯದ ಮೇಲೆ ಎರಡು ತಲೆಯ ಹಕ್ಕಿಯಿದೆ. ಇದು ಯಾವುದೋ ದೊಡ್ಡ ಹದ್ದು ಎಂದುಕೊಂಡು ಕುರಿ ಹೊಡೆದುಕೊಂಡು ಹೋಗುತ್ತಾನೆ.

ಕಂಪನಿಯವರು ಇದನ್ನು ಒಪ್ಪಲಿಲ್ಲ. "ಆಡುವವರು ಹೊಡೆಯಲು ಯಾರಾದರೂ ಬೇಕಲ್ಲ" ಎಂದರು. ಅದೂ ನಿಜವೇ, ಆಟದ ಕಷ್ಟ ಅವರದು. ಕೆಲಸ ಅಲ್ಲಿಗೆ ನಿಂತಿತು. ಈಗ ಅದನ್ನು ಮಕ್ಕಳ ಪುಸ್ತಕ ಮಾಡುತ್ತಿದ್ದೇನೆ.

ಆದರೆ ಎಂಟನೇ ತರಗತಿಯ ಮಕ್ಕಳೂ ಒಪ್ಪಲಿಲ್ಲ, ಬೇರೆ ಕಾರಣಕ್ಕೆ. "ಅಷ್ಟಕ್ಕೇ ಬಿಟ್ಟರೆ ಹೇಗೆ ಸಾರ್?" ಎಂದರು. ಸುಮ್ಮನೆ ಬದುಕಿಸಲು ನನಗೆ ಮನಸ್ಸಿಲ್ಲ, ಲೆಕ್ಕ ಸರಿಯಾಗಬೇಕು ಎಂದೆ. ಕಾಂಡೋರಿನ ವಿಷಯ ಹೇಳಿದೆ. 1987ರಲ್ಲಿ ಇಡೀ ಜಗತ್ತಿನಲ್ಲಿ ಉಳಿದಿದ್ದು 27. ಕಾಡಿನಲ್ಲಿದ್ದ ಕೊನೆಯದನ್ನೂ ಹಿಡಿದು ತಂದರು. ಮೊದಲ ಮೊಟ್ಟೆಯನ್ನು ತೆಗೆದು ಬೇರೆ ಕಾವು ಕೊಟ್ಟರೆ ಆ ಹಕ್ಕಿ ಇನ್ನೊಂದು ಮೊಟ್ಟೆ ಇಡುತ್ತದೆ, ಹಾಗೆ ಮಾಡಿ ಬೆಳೆಸಿದರು. ಈಗ 500 ದಾಟಿದೆ. ನಮ್ಮ ಹರಿಯಾಣದ ಪಿಂಜೋರ್‌ನಲ್ಲೂ ರಣಹದ್ದುಗಳನ್ನು ಸಾಕಿ ಮರಿ ಮಾಡಿಸುತ್ತಿದ್ದಾರೆ. ಇದನ್ನು ಕೇಳಿ ಮಕ್ಕಳು ಪೆನ್ಸಿಲ್ ಹಿಡಿದು ಕೂತರು. ಕಥೆಯಲ್ಲಿ 11 ಜೋಡಿ, ಮೂರು ಒಂಟಿ ಹಕ್ಕಿ ಉಳಿದರೆ, ಗದ್ದುಗೆ ಕಟ್ಟುವುದು ನಿಂತರೆ, ವರ್ಷಕ್ಕೊಂದು ಮೊಟ್ಟೆ ಹೆಚ್ಚು ಸಿಕ್ಕರೆ, ನೂರು ಜೋಡಿಗೆ ಬರಲು ಎಷ್ಟು ವರ್ಷ? ಒಬ್ಬೊಬ್ಬರದು ಒಂದೊಂದು ಉತ್ತರ ಬಂದಿದೆ. ಎಲ್ಲವೂ ಆ ರಾಜನ ಆಯುಷ್ಯಕ್ಕಿಂತ ಹೆಚ್ಚು. ಮೂರು ಒಂಟಿ ಹಕ್ಕಿಗಳನ್ನು ಏನು ಮಾಡಬೇಕೆಂದು ಇನ್ನೂ ಜಗಳ ನಡೆಯುತ್ತಿದೆ.

ಚಿತ್ರಗಳನ್ನೆಲ್ಲ ಎಂಟನೇ ತರಗತಿಯ ಕೋಣೆಯಲ್ಲಿ ಅಂಟಿಸಿದ್ದೇವೆ. ಊಟವಾದ ಮೇಲೆ ಬನ್ನಿ. ಹಿರಿಯರಿಗೆ ಒಂದು ವಿನಂತಿ. ಅಲ್ಲಿ ಮೇಜಿನ ಮೇಲೆ ಇನ್ನೂರು ಪುಟದ ಒಂದು ನೋಟ್‌ಬುಕ್ ಇಟ್ಟಿದ್ದೇನೆ. ಕೆರೆ ಹಿಂದಿನ ಹಳ್ಳದಲ್ಲಿ, ಇಲ್ಲವೇ ಊರ ಸುತ್ತ ಎಲ್ಲಾದರೂ, ನೀವು ಕೊನೆಯ ಸಲ ರಣಹದ್ದು ನೋಡಿದ್ದು ಯಾವ ವರ್ಷ, ಎಷ್ಟಿದ್ದವು, ಅದನ್ನು ಬರೆಯಿರಿ. ಇಸವಿ ನೆನಪಿಲ್ಲದಿದ್ದರೆ ಯಾರ ಮದುವೆಯ ವರ್ಷ, ಯಾವ ಬರಗಾಲದ ವರ್ಷ ಎಂದರೂ ಸಾಕು, ಮಕ್ಕಳು ಲೆಕ್ಕ ಹಾಕಿಕೊಳ್ಳುತ್ತಾರೆ. ಬರೆಯಲು ಬಾರದವರು ಹೇಳಿದರೆ ಬರೆದುಕೊಳ್ಳಲು ಆ ಹುಡುಗಿಯನ್ನೇ ಕೂರಿಸಿದ್ದೇನೆ. ಮೊದಲ ಸಾಲು ಮೇಷ್ಟ್ರದು. ಬೆಳಿಗ್ಗೆಯೇ ಬರೆದರು. ನನ್ನ 61, ಪಕ್ಕದವನ 58, ಎರಡನ್ನೂ ಹಾಕಿ, ಎರಡರ ಮುಂದೆಯೂ ಪ್ರಶ್ನಾರ್ಥಕ ಚಿಹ್ನೆ ಇಟ್ಟಿದ್ದಾರೆ.

ಪೆನ್ನಿಗೆ ದಾರ ಕಟ್ಟಿದೆ, ದಯವಿಟ್ಟು ತೆಗೆದುಕೊಂಡು ಹೋಗಬೇಡಿ.